ಮೂರು ವರ್ಷದಿಂದ ಗೈವಾನ್‌ನಲ್ಲೇ ಟೀ: ನನ್ನ ಅನುಭವ

ಗೈವಾನ್ ಅಂದರೆ ಚೀನಾದ ಮುಚ್ಚಳದ ಬಟ್ಟಲು. ಕೆಳಗೊಂದು ತಟ್ಟೆ, ನಡುವೆ ಹಿಡಿಯಿಲ್ಲದ ಬಟ್ಟಲು, ಮೇಲೊಂದು ಮುಚ್ಚಳ. ನಾನು ಇದನ್ನು ಮೊದಲು ಹಿಡಿದದ್ದು ಕೆಲಸದ ಮೇಲೆ ಚೀನಾದ ಚೆಂಗ್ಡು ನಗರದಲ್ಲಿದ್ದಾಗ. ಅಲ್ಲಿ ಜನ ಬಿದಿರಿನ ಕುರ್ಚಿಯಲ್ಲಿ ಕೂತು, ಮುಚ್ಚಳದಿಂದ ಎಲೆ ಸರಿಸಿ, ಬಟ್ಟಲಿನಿಂದಲೇ ಮಲ್ಲಿಗೆ ಟೀ ಕುಡಿಯುತ್ತಾರೆ. ಬಿಸಿನೀರು ಮತ್ತೆ ಮತ್ತೆ ಬರುತ್ತದೆ, ಎಲೆ ಮಾತ್ರ ಅದೇ.

ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದು 180 ಮಿ.ಲೀ.ನದು. ಅಂಚು ದಪ್ಪ, ನೆಟ್ಟಗೆ. ಎರಡೇ ದಿನದಲ್ಲಿ ಬೆರಳು ಸುಟ್ಟುಕೊಂಡೆ. ಈಗಿನದು 110 ಮಿ.ಲೀ., ಬಿಳಿ ಪಿಂಗಾಣಿ, ಅಂಚು ತೆಳ್ಳಗೆ ಹೊರಕ್ಕೆ ಬಾಗಿದೆ. ಹಿಡಿಯುವುದು ಆ ಅಂಚನ್ನೇ, ಹಾಗಾಗಿ ಅಲ್ಲಿ ನೀರು ತಾಗಬಾರದು. ತುಂಬಿ ತುಳುಕಿಸಬೇಡಿ.

ನಾನು ಬಟ್ಟಲಿನಿಂದಲೇ ಕುಡಿಯುವುದಿಲ್ಲ, ಬಸಿದು ಕುಡಿಯುತ್ತೇನೆ. ಬಳಸುವುದು ಕಷ್ಟವಲ್ಲ. ಅನ್ನದ ಗಂಜಿ ಬಸಿಯುತ್ತೇವಲ್ವಾ, ಅದೇ ಕೆಲಸ. ಮುಚ್ಚಳ ಚೂರು ಓರೆ ಮಾಡಿ ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು, ಅಷ್ಟೇ. ಒಂದು ಹನಿಯೂ ಉಳಿಯಬಾರದು. ಉಳಿದ ನೀರಿನಲ್ಲಿ ಎಲೆ ನೆನೆದು ಮುಂದಿನ ಸುತ್ತು ಕಹಿಯಾಗುತ್ತದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಊಲಾಂಗ್, ಅಂದರೆ ಹಸಿರು ಟೀಗೂ ಕಪ್ಪು ಟೀಗೂ ನಡುವಿನದು. ಫ್ಯೂಜಿಯಾನ್‌ನ ಆನ್‌ಶಿಯಿಂದ ಬರುವ ಟಿಯೆ ಗ್ವಾನ್ ಯಿನ್ ಎಂಬ ಊಲಾಂಗ್‌ಗೆ ಸುಮಾರು 6 ಗ್ರಾಂ ಎಲೆ, ಕುದಿವ ನೀರು. ಎಲೆ ಉಂಡೆ ಕಟ್ಟಿರುವುದರಿಂದ ಮೊದಲ ಸಲ 20 ಸೆಕೆಂಡ್ ಕೊಡುತ್ತೇನೆ. ಮೂರನೇ ಸುತ್ತಿಗೆ ಎಲೆ ಬಿಚ್ಚಿಕೊಂಡು ಮುಚ್ಚಳವನ್ನೇ ಎತ್ತುತ್ತದೆ. ಏಳು ಸುತ್ತಿನವರೆಗೂ ರುಚಿ ಇರುತ್ತದೆ.

ಚಾವ್‌ಝೌ ಕಡೆಯ ಡಾನ್‌ಚೋಂಗ್ ಕೂಡ ಊಲಾಂಗೇ, ಆದರೆ ಬೇರೆ ಥರ. 8 ಸೆಕೆಂಡ್‌ಗೆ ಬಸಿಯಬೇಕು. ಫೋನ್ ಬಂತೆಂದು ಅರ್ಧ ನಿಮಿಷ ಬಿಟ್ಟರೆ ನಾಲಿಗೆ ಒಗರು ಒಗರು. ಸರಿಯಾಗಿ ಮಾಡಿದರೆ ಮಾತ್ರ ಅದರ ಘಮ ಮರೆಯಲಾಗದು. ಬಸಿದ ಕೂಡಲೇ ಮುಚ್ಚಳದ ಒಳಮೈ ಮೂಸಿ ನೋಡಿ. ಒಮ್ಮೆ ಅಮ್ಮನ ಮೂಗಿನ ಹತ್ತಿರ ಹಿಡಿದೆ. "ಸಂಪಿಗೆ ಇದ್ದ ಹಾಗಿದೆಯಲ್ಲೋ" ಅಂದರು. ಆ ಟೀಯ ಹೆಸರು ಯೂ ಲಾನ್ ಶ್ಯಾಂಗ್, ಮ್ಯಾಗ್ನೋಲಿಯಾ ಹೂವಿನ ಘಮ ಎಂದರ್ಥ. ಸಂಪಿಗೆಯೂ ಅದೇ ಜಾತಿಯ ಮರ! ಅಮ್ಮನಿಗೆ ಹೆಸರು ಗೊತ್ತಿರಲಿಲ್ಲ, ಮೂಗಿಗೆ ಗೊತ್ತಾಯಿತು.

ಹಾಂಗ್‌ಝೌನ ಲಾಂಗ್‌ಜಿಂಗ್‌ನಂಥ ಹಸಿರು ಟೀಗೆ 3 ಗ್ರಾಂ ಸಾಕು, ನೀರು 80 ಡಿಗ್ರಿ. ಎಲೆ ನೆನೆಯುವಾಗ ಮುಚ್ಚಳ ಹಾಕಬೇಡಿ. ಹಾಕಿದರೆ ಎಲೆ ಬೆಂದು ಸೊಪ್ಪು ಬೇಯಿಸಿದ ವಾಸನೆ ಬರುತ್ತದೆ. ಯುನ್ನಾನ್‌ನ ಹುದುಗಿಸಿದ ಪು-ಎರ್ ಟೀಗೆ ಮೊದಲ ನೀರು ಚೆಲ್ಲಿ, ಆಮೇಲೆ ಧೈರ್ಯವಾಗಿ ಕುದಿವ ನೀರು ಹಾಕಿ. ಬೆಳಿಗ್ಗೆ ಹಸಿರು, ಸಂಜೆ ಪು-ಎರ್ ಎಂದು ಒಂದೇ ಬಟ್ಟಲು ಬಳಸಿದರೂ ವಾಸನೆ ಉಳಿಯುವುದಿಲ್ಲ. ಚೀನಾದ ಯಿಶಿಂಗ್ ಊರಿನ ಮಣ್ಣಿನ ಟೀಪಾಟ್ ಟೀಯ ಘಮ ಹೀರಿಕೊಳ್ಳುತ್ತದೆ, ಪಿಂಗಾಣಿ ಹೀರುವುದಿಲ್ಲ.

ನಮ್ಮ ಮನೆಯ ಟೀಪುಡಿ ಇದಕ್ಕಲ್ಲ. ಪುಡಿಯೆಲ್ಲ ಸಂದಿಯಿಂದ ಹೊರಬರುತ್ತದೆ. ಹಾಲು ಹಾಕಿ ಕುದಿಸುವ ಟೀ ಪಾತ್ರೆಯಲ್ಲೇ ಚೆಂದ.

ಒಂದೇ ಬೇಸರವೆಂದರೆ ಮುಚ್ಚಳ. ಹೋದ ವರ್ಷ ಸಿಂಕ್‌ನಲ್ಲಿ ಬಿದ್ದು ಅಂಚು ಒಡೆಯಿತು. ಬರೀ ಮುಚ್ಚಳ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕಿದ್ದೂ ಸರಿ ಕೂರಲಿಲ್ಲ. ಒಡೆದ ಕಡೆ ಆಚೆಗೆ ತಿರುಗಿಸಿ ಈಗಲೂ ಅದರಲ್ಲೇ ಬಸಿಯುತ್ತಿದ್ದೇನೆ.