ಟಾಯ್ ಸ್ಟೋರಿ 2: ಶೋಕೇಸನ್ಯಾಗಿನ ಗೊಂಬಿ ಛಲೋನೋ, ಕೈ ಹರಕೊಂಡ ಗೊಂಬಿ ಛಲೋನೋ

ಮೊದ್ಲ ಹೇಳಿಬಿಡ್ತೀನ್ರಿ, ಟಾಯ್ ಸ್ಟೋರಿ ಒಳಗ ಒಂದ ಪಿಕ್ಚರ್ ನೋಡೂದಿದ್ರ ಎರಡನೇದ್ದ ನೋಡ್ರಿ. 1995ರಾಗ ಬಂದ ಮೊದಲನೇದು ಪೂರ್ತಿ ಕಂಪ್ಯೂಟರಿನ್ಯಾಗ ಮಾಡಿದ ಮೊದಲ ಫುಲ್ ಪಿಕ್ಚರ್ ಅಂತ ಹೆಸರ ಮಾಡೇತಿ, 2010ರ ಮೂರನೇದು 2019ರ ನಾಲ್ಕನೇದು ಎರಡೂ ಆಸ್ಕರ್ ಹೊಡದಾವು, ನಡುವ 1999ರಾಗ ಬಂದ ಈ ಎರಡನೇದ್ದನ್ನ ಮಂದಿ ಹಂಗ ದಾಟಿಸಿ ಹೋಗಿಬಿಡ್ತಾರ. ಪಾಪ ಅವಾಗ ಆನಿಮೇಶನ್ ಪಿಕ್ಚರಿಗೆ ಬ್ಯಾರೇ ಆಸ್ಕರ್ ಇದ್ದಿದ್ದೂ ಇಲ್ಲ, ಆದ್ರೂ ಕಾಮಿಡಿ-ಮ್ಯೂಸಿಕಲ್ ವಿಭಾಗದಾಗ ಗೋಲ್ಡನ್ ಗ್ಲೋಬ್ ಗೆದ್ದೇತಿ. ಅದೇನ ಇರ್ಲಿ, ಗೊಂಬಿಗೆ ಜೀವಾ ಬಂದ್ರ ಅದಕ್ಕ ಯಾವ ಚಿಂತಿ ಹತ್ತತೈತಿ ಅನ್ನೂದನ್ನ ಇಷ್ಟು ಖರೇ ಹಿಡದದ್ದು ನನಗಂತೂ ಇದ ಒಂದ.

ಕತಿ ಗೊತ್ತಿಲ್ಲದವ್ರಿಗೆ ಲಗೂನ ಹೇಳ್ತೀನಿ. ಆಂಡಿ ಅನ್ನೂ ಹುಡುಗನ ಖೋಲ್ಯಾಗಿನ ಗೊಂಬಿ ಎಲ್ಲಾ ಮಂದಿ ಇಲ್ಲದಾಗ ಎದ್ದು ಓಡ್ಯಾಡ್ತಾವು, ಯಾರರ ಬಂದ್ರ ಧಪ್ ಅಂತ ಬಿದ್ದು ಸುಮ್ನಾಗ್ತಾವು. ಅದರಾಗ ವುಡಿ ಅನ್ನೂ ಕೌಬಾಯ್ ಗೊಂಬಿ ಎಲ್ಲಾರಿಗೂ ಹಿರ್ಯಾ, ಬೆನ್ನಿನ ದಾರ ಜಗ್ಗಿದ್ರ ಮಾತಾಡ್ತಾನ, ದನಿ ಟಾಮ್ ಹ್ಯಾಂಕ್ಸ್‌ದು. ಅವನ ಗೆಳ್ಯಾ ಬಜ್ ಲೈಟ್‌ಇಯರ್, ಬಾಹ್ಯಾಕಾಶದ ಸಿಪಾಯಿ ಗೊಂಬಿ, ದನಿ ಟಿಮ್ ಅಲೆನ್‌ದು. ಆಂಡಿ ಕ್ಯಾಂಪಿಗೆ ಹೋಗೂಕಿಂತ ಮೊದ್ಲ ಆಟಾ ಆಡ್ತಾ ವುಡಿ ತೋಳಿನ ಹೊಲಿಗಿ ಬಿಚ್ಚತೈತಿ, ಹುಡುಗ ಅವನ್ನ ಬಿಟ್ಟ ಹೋಗ್ತಾನ, ಅವ್ವ ಎತ್ತಿ ಮ್ಯಾಲಿನ ಹಲಗಿ ಮ್ಯಾಲ ಇಟ್ಟಬಿಡ್ತಾಳ. ಅಲ್ಲೇ ಸೀಟಿ ಕೆಟ್ಟು ಧೂಳ ತಿಂತಾ ಕುಂತಿರೂ ವೀಜಿ ಅನ್ನೂ ಪೆಂಗ್ವಿನ್ ಐತಿ. ಅದನ್ನ ಮನಿ ಮುಂದ ಹಳೇ ಸಾಮಾನದ ಜೋಡಿ ಮಾರಾಕ ಒಯ್ತಾರ, ಉಳಸಾಕ ಹೋದ ವುಡಿ ತಾನ ಸಿಕ್ಕಿಬೀಳ್ತಾನ, ಅಲ್ ಅನ್ನೂ ಆಟಗಿ ಅಂಗಡಿ ಮಾಲಕ ಅವನ್ನ ಕದ್ದ ಒಯ್ತಾನ. ಯಾಕಂದ್ರ ವುಡಿ 1950ರ ದಶಕದ ಕಪ್ಪು-ಬಿಳಿ ಟಿವಿ ಗೊಂಬಿಯಾಟದ ಹೀರೋ, ಈಗ ಸಿಗೂದ ಇಲ್ಲ, ಅವನ ಜೋಡಿ ಕೌಗರ್ಲ್ ಗೊಂಬಿ ಜೆಸ್ಸಿ, ಬುಲ್ಸ್‌ಐ ಕುದರಿ, ಡಬ್ಬಿ ಬಿಚ್ಚಿಲ್ಲದ ಮುದುಕ ಪೀಟ್, ಈ ನಾಕೂ ಸೇರಿದ್ರ ಟೋಕಿಯೋದ ಮ್ಯೂಸಿಯಮ್ಮಿಗೆ ಭಾರಿ ರೊಕ್ಕಕ್ಕ ಮಾರಬಹುದು. ಈ ಕಡೆ ಬಜ್ ಉಳದ ಗೊಂಬಿ ಕಟ್ಟಕೊಂಡು ವುಡಿನ್ನ ಹುಡಕಾಕ ಹೊಂಡ್ತಾನ. ಇಷ್ಟ.

ಇನ್ನ ಅಸಲಿ ಮಾತು. ನನ್ನ ತವರಮನಿ ಗೋಕಾಕ. ಗೋಕಾಕ ಅಂದ್ರ ಎಲ್ಲಾರೂ ಕರದಂಟು, ಫಾಲ್ಸ್ ಅಂತಾರ, ಕಟ್ಟಗಿ ಆಟಗಿ ಸಾಮಾನ ಮರತಬಿಡ್ತಾರ. ಜೀನಗಾರ ಮನೆತನದವ್ರು ಹಗುರ ಕಟ್ಟಗಿಯೊಳಗ ಕೆತ್ತಿ ಬಣ್ಣ ಹಚ್ಚೂ ಪ್ಯಾರಲ ಹಣ್ಣು, ಬದನಿಕಾಯಿ, ಬಾಳಿಹಣ್ಣು, ದೇವರ ಮೂರ್ತಿ, ಕೈಯಾಗ ಹಿಡದ್ರ ತೂಕನ ಇರಂಗಿಲ್ಲ, ದೂರಿಂದ ನೋಡಿದವ್ರು ತಿನ್ನಾಕ ಕೈ ಹಾಕ್ಬೇಕು ಹಂಗ ಇರ್ತಾವು. ಹೆಸರ ನೋಡ್ರಿ, ಆಟಗಿ ಸಾಮಾನ. ಆದ್ರ ನಮ್ಮ ಬೆಳಗಾವಿ ಕಡೆ ಯಾರ ಮನ್ಯಾಗ ಹುಡ್ಗೂರು ಇವುನ್ನ ಹಿಡಕೊಂಡು ಆಡೂದು ನೋಡೀರಿ ನೀವು? ಲಗ್ನದಾಗ ಆಹೇರಿ ಬಂದದ್ದು, ಸತ್ಕಾರದಾಗ ಕೊಟ್ಟದ್ದು, ಸೀದಾ ಗಾಜಿನ ಶೋಕೇಸಿಗೆ. ನಮ್ಮತ್ತಿಯವರ ಶೋಕೇಸಿಗಂತೂ ಕೀಲಿನೂ ಐತಿ. ನನ್ನ ಮಗಳು ಸಣ್ಣಾಕಿ ಇದ್ದಾಗಿಂದ ಆ ಬದನಿಕಾಯಿ ಮ್ಯಾಲ ಕಣ್ಣ ಇಟ್ಟಾಳ, ಇನ್ನೂ ಕೈಗೆ ಸಿಕ್ಕಿಲ್ಲ.

ಅದಕ್ಕ ಪೀಟ್‌ನ ಪಾತ್ರ ನನಗ ಅಷ್ಟ ಚುರ್ ಅಂತು. ಡಬ್ಬ್ಯಾಗಿಂದ ಒಮ್ಮೆನೂ ಹೊರಗ ಬಂದಿಲ್ಲ, ಒಂದ ಕೂಸಿನ ಕೈ ಮುಟ್ಟಿಲ್ಲ, ಅಂಗಡಿ ಹಲಗಿ ಮ್ಯಾಲ ಕುಂತು ಬಾಕಿ ಗೊಂಬಿ ಎಲ್ಲಾ ಖರ್ಚಾಗೂದನ್ನ ನೋಡಕೋಂತ ಮುದುಕ ಆದಾಂವ. ಶುರುವಿಗೆ ಭಾಳ ಶಾಣ್ಯಾನಂಗ ಮಾತಾಡ್ತಾನ, ಹುಡ್ಗೂರು ದೊಡ್ಡವಾಗಿ ನಿಮ್ಮನ್ನ ಒಗದ ಬಿಡ್ತಾರ, ಮ್ಯೂಸಿಯಮ್ಮಿನ್ಯಾಗ ಆದ್ರ ಯಾವತ್ತೂ ಹಂಗ ಇರ್ತೀರಿ ಅಂತ. ಮಾತು ಸುಳ್ಳಲ್ಲರಿ, ಅದ ಮಜಾ. ಮಕ್ಕಳ ಪಿಕ್ಚರಿನ ವಿಲನ್ ಹೇಳೂ ಮಾತು ಖರೇ ಇರೂದು ಎಷ್ಟ ಪಿಕ್ಚರಿನ್ಯಾಗ ಸಿಗತೈತಿ? ಅಂವಾ ಕೆಟ್ಟಾಂವ ಆಗಿದ್ದು ಯಾರೂ ಹೊಡದು ಬಡದು ಮಾಡಿದ್ದಕ್ಕಲ್ಲ, ಯಾರೂ ಕೈಯಾಗ ತಗೋಳದ್ದಕ್ಕ. ನಡುವ ನನ್ನ ಮಗಳು ರಿಮೋಟ್ ಕಸಗೊಂಡು ನಿಲ್ಲಿಸಿ, “ಆಯಿ, ನಿನ್ನ ಶೋಕೇಸನ್ಯಾಗಿನ ಬದನಿಕಾಯಿಗೂ ಹಿಂಗ ಸಿಟ್ಟ ಬಂದಿರತೈತೇನ?” ಅಂತ ಕೇಳೇಬಿಟ್ಳು. ನಮ್ಮತ್ತಿ ಜ್ವಾಳ ಹಸನ ಮಾಡಕೋಂತನ, “ಬದನಿಕಾಯಿಗೆ ಎಲ್ಲಿ ಸಿಟ್ಟವಾ, ಅದಕ್ಕ ಬಣ್ಣ ಹಚ್ಚ್ಯಾರ, ನೀ ಮುಟ್ಟಬ್ಯಾಡ ಅಷ್ಟ” ಅಂದ್ರು. ನಮ್ಮ ಮನಿಯವರು ನಕ್ಕಿದ್ದಕ್ಕ ಅವರಿಗೂ ಒಂದೆರಡ ಬಿತ್ತು, ಬಾಯಿಲೇ.

ಒಂದ ಸೀನ್ ಬಗ್ಗೆ ಹೇಳ್ದ ಇರಾಕ ಆಗಂಗಿಲ್ಲ. ವುಡಿ ತೋಳು ರಿಪೇರಿ ಮಾಡಾಕ ಒಬ್ಬ ಮುದುಕಪ್ಪ ಬರ್ತಾನ, ಕೈಯಾಗ ಒಂದ ಪೆಟಗಿ, ತಗದ್ರ ಅದರಾಗ ಖಾನೆ ಮ್ಯಾಲ ಖಾನೆ. ಅವಸರ ಮಾಡಬ್ಯಾಡ್ರಿ ಅಂತ ಹೇಳಿ ಕೂಡ್ತಾನ ಆಮ್ಯಾಲ ಮಾತ ಇಲ್ಲ, ಗೊಂಬಿ ಕಣ್ಣ ಒರಸ್ತಾನ, ಸೂಜಿ ದಾರ ಹಾಕಿ ತೋಳ ಹೊಲೀತಾನ, ಗಲ್ಲಕ್ಕ ಬಣ್ಣ ಹೊಡೀತಾನ, ಕಡೀಕ ಬೂಟಿನ ತಳದಾಗ ಆಂಡಿ ಬರದಿದ್ದ ತನ್ನ ಹೆಸರು ಐತಲ್ಲ ಅದರ ಮ್ಯಾಲೂ ಬಣ್ಣ ಬಳದು ಮುಚ್ಚಿಬಿಡ್ತಾನ. ಅಲ್ಲಿತನಕ ಆಹಾ ಏನ್ ಕೈಗುಣ ಅಂತ ನೋಡ್ತಿರ್ತೀವಿ, ಆ ಹೆಸರು ಅಳಿಸಿದಾಗ ಹೊಟ್ಟ್ಯಾಗ ಕಸಿವಿಸಿ ಆಗತೈತಿ, ಆ ಮುದುಕಪ್ಪನ ತಪ್ಪೇನ ಇಲ್ಲ, ಅವನ ಕೆಲಸ ಅವನು ಚೊಕ್ಕ ಮಾಡ್ಯಾನ, ಆದ್ರ ಗೊಂಬಿ ಹೊಸಾದ ಆಗಿದ್ದಷ್ಟೂ ಹುಡುಗನಿಂದ ದೂರಾಯ್ತು. ಅಂದಹಂಗ ಈ ಮುದುಕಪ್ಪ 1997ರಾಗ ಈ ಪಿಕ್ಚರ್ ಮಾಡಿದ ಕಂಪನಿ ಪಿಕ್ಸಾರ್‌ದವ್ರು ಮಾಡಿದ ಒಂದ ಸಣ್ಣ ಚಿತ್ರದ ಹೀರೋ, ಅದರಾಗ ಒಬ್ಬನ ತನ್ನ ಜೋಡಿ ತಾನ ಚೆಸ್ ಆಡ್ತಾನ, ಅದಕ್ಕ ಆಸ್ಕರ್ ಬಂದೇತಿ. ಪೆಟಗಿಯ ಒಂದ ಖಾನೆಯೊಳಗ ಚೆಸ್ ಕಾಯಿ ಇಟ್ಟಾರ, ನಿಗಾ ಕೊಟ್ಟ ನೋಡ್ರಿ.

ಇನ್ನ ಜೆಸ್ಸಿ ಹಾಡು. ಜೆಸ್ಸಿನ್ನ ಸಾಕಿದ ಎಮಿಲಿ ಅನ್ನೂ ಹುಡುಗಿ ದೊಡ್ಡಾಕಿ ಆಗ್ತಾಳ, ಗೊಂಬಿ ಪಲ್ಲಂಗದ ಬುಡಕ ಬಿದ್ದು ವರ್ಷಾನಗಟ್ಲೆ ಅಲ್ಲೇ ಉಳೀತೈತಿ, ಒಂದಿನಾ ಕೈಗೆ ಎತ್ತಕೋತಾಳ, ಜೆಸ್ಸಿಗೆ ಖುಷಿ ಆಗತೈತಿ, ಆಕಿ ಕಾರಿನ್ಯಾಗ ಒಯ್ದು ದಾನದ ಡಬ್ಬ್ಯಾಗ ಹಾಕಿ ಹೋಗ್ತಾಳ. ರ‍್ಯಾಂಡಿ ನ್ಯೂಮನ್ ಬರದ ಹಾಡು, ಸಾರಾ ಮೆಕ್‌ಲಾಕ್ಲನ್ ಹಾಡ್ಯಾರ, ಆಸ್ಕರಿಗೆ ನಾಮಿನೇಟ್ ಆಗಿತ್ತು. ಮೂರು ನಿಮಿಷದಾಗ ಒಂದ ಇಡೀ ಬಾಳೇವು ಮುಗಿಸ್ಯಾರ, ಡೈಲಾಗ್ ಒಂದೂ ಇಲ್ಲ. ಸಣ್ಣ ಹುಡ್ಗೂರಿಗೆ ಇಲ್ಲಿ ಬ್ಯಾಸರ ಬರತೈತಿ, ನಮ್ಮ ಮೈದುನನ ಮಗಾ ಎದ್ದು ಅಡಗಿಮನಿಗೆ ಹೋದ. ಅಳೂವ್ರು ದೊಡ್ಡವ್ರು. ನಾನೂ ಅತ್ತೆ, ಜ್ವಾಳ ಹಸನ ಮಾಡೂದು ಬಿಟ್ಟು ನಮ್ಮತ್ತಿನೂ ನೋಡಾಕತ್ತಿದ್ರು, ಅವರಿಗೆ ಇಂಗ್ಲಿಷ್ ಬರಂಗಿಲ್ಲ.

ನಮ್ಮ ಕಡೆ ಮಣ್ಣೆತ್ತಿನ ಅಮಾಸಿಗೆ ಮಣ್ಣಿನ ಎತ್ತ ತಂದು ಪೂಜಿ ಮಾಡಿ, ಹುಡ್ಗೂರು ಆಡಿ, ಆಮ್ಯಾಲ ನೀರಿಗೆ ಬಿಡ್ತೀವಿ, ಆಷಾಢದಾಗ ಮಣ್ಣಿನ ಗುಳ್ಳವ್ವನ್ನೂ ಹಂಗ, ಯಾರೂ ಅದನ್ನ ನೂರು ವರ್ಷ ಇಡಬೇಕಂತ ಶೋಕೇಸ ಮಾಡ್ಸಂಗಿಲ್ಲ. ವುಡಿ ಕಡೀಕ ತಗೋಳೂ ನಿರ್ಧಾರ ನನಗ ಅದಕ್ಕ ಲಗೂನ ತಿಳೀತು, ಆಂಡಿ ದೊಡ್ಡಾಂವ ಆಗೂದನ್ನ ನಾ ತಡ್ಯಾಕ ಆಗಂಗಿಲ್ಲ, ಆದ್ರ ಅದನ್ನ ನೋಡೂದು ಬಿಡಂಗಿಲ್ಲ ಅಂತಾನ, ಬೂಟಿಗೆ ಹಚ್ಚಿದ ಬಣ್ಣ ಕೆರದು ಹೆಸರ ಹೊರಗ ತಗೀತಾನ.

ಹಂಗಂತ ಎಲ್ಲಾ ಛಲೋ ಅಂತ ಅಲ್ಲ. ಅಂಗಡ್ಯಾಗಿನ ಇನ್ನೊಂದ ಬಜ್ ಗೊಂಬಿ ಮತ್ತ ಝರ್ಗ್ ಅನ್ನೂ ರಾಕ್ಷಸ ಗೊಂಬಿ ಲಿಫ್ಟಿನ ಮ್ಯಾಲ ಬಡದಾಡೂದು ಉದ್ದ ಆಗೇತಿ, ಅದರಾಗಿನ ಅಪ್ಪ-ಮಗನ ಜೋಕು ಒಂದ ಹಳೇ ಬಾಹ್ಯಾಕಾಶದ ಪಿಕ್ಚರ್ ನೋಡಿದವ್ರಿಗಷ್ಟ ಹತ್ತತೈತಿ, ನಮ್ಮ ಹುಡ್ಗೂರು ಮಿಕಿಮಿಕಿ ನೋಡಿದ್ವು. ಅಂಗಡಿ ಮಾಲಕ ಅಲ್ ಪಾತ್ರಾನೂ ಹಗುರ, ದಪ್ಪ ಮನಷ್ಯಾ, ದುರಾಸೆ, ಚೀಸ್ ಕುರುಕಲು ತಿನ್ನೂದು, ಅಷ್ಟ ಅವಂದು. ಮನಷ್ಯಾರ ಮಾರಿ ಈಗ ನೋಡಿದ್ರ ಗೊಂಬಿಗಿಂತ ಪ್ಲಾಸ್ಟಿಕ್ ಕಾಣತಾವು, 1999ರ ಕೆಲಸ ನೋಡ್ರಿ, ಗೊಂಬಿಗೆ ಮಾತ್ರ ಇನ್ನೂ ಮುಪ್ಪ ಬಂದಿಲ್ಲ ಯಾಕಂದ್ರ ಅವು ಇರೂದ ಪ್ಲಾಸ್ಟಿಕ್. ವಿಮಾನ ನಿಲ್ದಾಣದ ಕ್ಲೈಮ್ಯಾಕ್ಸ್ ಬಗ್ಗೆ ನಮ್ಮ ಮನ್ಯಾಗ ಎರಡು ಪಾರ್ಟಿ ಆಗೇತಿ, ಬ್ಯಾಗ ಹೋಗೂ ಬೆಲ್ಟಿನ ಮ್ಯಾಲಿನ ಓಡಾಟ ಎಲ್ಲಾರಿಗೂ ಸೇರ್ತು, ಹೊಂಟ ವಿಮಾನದಿಂದ ಜಿಗ್ಯೂದು ನಮ್ಮ ಮನಿಯವರಿಗೆ ಅತಿ ಅನ್ನಿಸ್ತು. ಮಗಳು ಮಾತ್ರ ನಮ್ಮ ಬೆಳಗಾವಿ ಸಾಂಬ್ರಾ ಏರ್‌ಪೋರ್ಟಿನ್ಯಾಗ ಬ್ಯಾಗಿನ ಹಿಂದ ಇಷ್ಟ ದೊಡ್ಡ ಬೆಲ್ಟ್ ಐತೇನ ಅಂತ ಪ್ರಶ್ನಿ ಮ್ಯಾಲ ಪ್ರಶ್ನಿ. ಗೊಂಬಿಗೋಳು ರಸ್ತೆದಾಗ ಇಡೂ ಕೇಸರಿ ಕೋನ್ ತಲಿ ಮ್ಯಾಲ ಹಾಕ್ಕೊಂಡು ಟ್ರಾಫಿಕ್ ದಾಟೂ ಸೀನಿಗೆ ಬಿದ್ದು ಬಿದ್ದು ನಕ್ವಿ, ಬೆಳಗಾವಿ ಖಡೇ ಬಜಾರ ದಾಟಿದವ್ರಿಗೆ ಅದರ ರುಚಿ ಬ್ಯಾರೇನ.

ಪಿಕ್ಚರ್ ಮಾಡಿದ ಕತಿನೂ ಒಂದ ಸಾಹಸನ. ಮೊದ್ಲ ಇದನ್ನ ಥೇಟರಿಗೆ ಬಿಡೂ ವಿಚಾರನ ಇರ್ಲಿಲ್ಲ, ಸೀದಾ ವಿಡಿಯೋ ಕ್ಯಾಸೆಟ್ಟಿಗೆ ಅಂತ ಶುರು ಮಾಡಿದ್ದು. 1998ರಾಗ ಯಾರೋ ತಪ್ಪಿ ಒಂದ ಡಿಲೀಟ್ ಕಮಾಂಡ್ ಹೊಡದು ಪಿಕ್ಚರಿನ ಫೈಲ್ ಬಹುತೇಕ ಹಾರಿಹೋದ್ವು, ಬ್ಯಾಕಪ್ ನೋಡಿದ್ರ ಅದೂ ಕೆಟ್ಟಿತ್ತು. ಸಣ್ಣ ಕೂಸ ಇದ್ದದ್ದಕ್ಕ ಮನ್ಯಾಗ ಕುಂತು ಕೆಲಸಾ ಮಾಡ್ತಿದ್ದ ಗ್ಯಾಲಿನ್ ಸಸ್ಮನ್ ಅನ್ನೂ ಟೆಕ್ನಿಕಲ್ ಡೈರೆಕ್ಟರ್ ಮನಿ ಕಂಪ್ಯೂಟರಿನ್ಯಾಗ ಒಂದ ಕಾಪಿ ಇತ್ತು, ಆ ಕಂಪ್ಯೂಟರಿಗೆ ಕೌದಿ ಸುತ್ತಿದಂಗ ಕಂಬಳಿ ಸುತ್ತಿ ಕಾರಿನ್ಯಾಗ ಆಫೀಸಿಗೆ ತಂದ್ರು. ಇಷ್ಟೆಲ್ಲಾ ಆದ್ರೂ ಕತಿ ಸರಿ ಆಗಿಲ್ಲಂತ ಆಮ್ಯಾಲ ಹೆಚ್ಚೂಕಡಿಮಿ ಎಲ್ಲಾ ಹೊಸಾದಾಗಿ ಬರದು, ನಿರ್ದೇಶಕ ಜಾನ್ ಲ್ಯಾಸೆಟರ್ ತಂಡ ಸುಮಾರು 9 ತಿಂಗಳದಾಗ ಮುಗಿಸ್ತು. ಬಾಳಂತಿ ಮನಿಯಿಂದ ಕೆಲಸಾ ಮಾಡೂದಕ್ಕ ಮೂಗ ಮುರಿಯೂ ಮ್ಯಾನೇಜರಗೋಳಿಗೆ ಈ ಕತಿ ಫಾರ್ವರ್ಡ್ ಮಾಡ್ರಿ.

ನಾವು ಮನ್ಯಾಗ ಓಟಿಟಿಯೊಳಗ ಇಂಗ್ಲಿಷಿನ್ಯಾಗ ನೋಡಿದ್ವಿ, ಸಣ್ಣವ್ರಿಗೆ ಬಾಜೂಕ ಕುಂತು ಹೇಳಬೇಕಾಗತೈತಿ, ಅದಕ್ಕ ರಾತ್ರಿ ಊಟದ ಹೊತ್ತಿಗೆ ಹಚ್ಚಬ್ಯಾಡ್ರಿ. ಒಂದೂವರಿ ತಾಸಿನ ಪಿಕ್ಚರ್. ಐದಾರ ವರ್ಷದ ಮ್ಯಾಲಿನ ಹುಡ್ಗೂರಿಗೆ ಅಡ್ಡಿಲ್ಲ, ಮೊದಲನೇದು ನೋಡಿರಲಿಲ್ಲಂದ್ರೂ ಕತಿ ತಿಳೀತೈತಿ. ಹೆಸರು ಬರಾಕ ಹತ್ತೀಂದ ಬಂದ್ ಮಾಡಬ್ಯಾಡ್ರಿ, ಗೊಂಬಿಗೋಳು ಶೂಟಿಂಗಿನ್ಯಾಗ ಡೈಲಾಗ್ ತಪ್ಪಿದಂಗ ಮಾಡಿದ ತಮಾಷೆ ತುಣುಕು ಅಲ್ಲೇ ಅದಾವು, ನಮ್ಮ ಹುಡ್ಗೂರು ಅದನ್ನ ತಿರಗಾ ಹಚ್ಚಸಿದ್ರು. ಪೀಟ್‌ಗೆ ಕಡೀಕ ಏನಾಗತೈತಿ ಹೇಳಂಗಿಲ್ಲ, ಆದ್ರ ಅವಂಗ ಸಿಕ್ಕಿದ್ದು ಶಿಕ್ಷಾನೋ ಪುಣ್ಯಾನೋ ಅಂತ ನಮ್ಮಲ್ಲಿ ಇನ್ನೂ ವಾದ ನಡದೇತಿ. ನನ್ನ ಕಡಿಂದ ಐದಕ್ಕ ನಾಲ್ಕೂವರಿ, ಅರ್ಧ ಹಿಡಕೊಂಡಿದ್ದು ಝರ್ಗನ ಸಲುವಾಗಿ.