ಎಂಜಿನ್ ನೋಡಿ ಕೊಂಡೆವು, ಕಾಡಿದ್ದು ಜನರೇಟರ್: ಹಳೆಯ ಕ್ರೂಸರ್ ಬೋಟಿನ ಜೊತೆ 6 ವರ್ಷ

ಈ ಬೋಟು ನಮ್ಮ ಕೈಗೆ ಬಂದು 6 ವರ್ಷ ಆಯಿತು. 36 ಅಡಿ ಉದ್ದ, ಎರಡು ಕ್ಯಾಬಿನ್, ಎರಡು ಡೀಸೆಲ್ ಎಂಜಿನ್, ಒಂದು ಡೀಸೆಲ್ ಜನರೇಟರ್. ನಮಗಿಂತ ಮುಂಚೆ ಇಬ್ಬರ ಕೈಯಲ್ಲಿತ್ತು. ಕೊಳ್ಳುವಾಗ ನಾಲ್ಕು ತಿಂಗಳು ಎಂಜಿನ್ ಬಗ್ಗೆಯೇ ಓದಿದೆ, ಕಂಡವರನ್ನೆಲ್ಲ ಕೇಳಿದೆ. ಜನರೇಟರ್‌ಗೆ ಕೊಟ್ಟದ್ದು ಹತ್ತು ನಿಮಿಷ. ಗುಂಡಿ ಒತ್ತಿದೆವು, ಶುರುವಾಯಿತು, ದೀಪ ಉರಿಯಿತು. ಸರಿ ಎಂದು ಮುಚ್ಚಳ ಮುಚ್ಚಿದೆವು. ಆ ಹತ್ತು ನಿಮಿಷದ ಅವಸರಕ್ಕೆ ಮೂರು ಬೇಸಿಗೆ ದಂಡ ತೆತ್ತೆವು. ಹಾಗಾಗಿ ಇಲ್ಲಿ ಜನರೇಟರ್ ಮಾತೇ ಜಾಸ್ತಿ. ಕ್ಯಾಬಿನ್ ಅಳತೆ, ಟ್ಯಾಂಕಿನ ಲೀಟರ್ ಲೆಕ್ಕ ಎಲ್ಲ ಮಾರುವವರ ಪಟ್ಟಿಯಲ್ಲೇ ಸಿಗುತ್ತದೆ.

ಮೊದಲು ಎಂಜಿನ್ ವಿಷಯ ಹೇಳಿಬಿಡುತ್ತೇನೆ. ಅಲ್ಲಿ ನನಗೆ ದೂರು ಕಡಿಮೆ.

ಕೊನೆಗೆ ನಮ್ಮ ಮುಂದೆ ಉಳಿದದ್ದು ಎರಡು ಬೋಟು. ಒಂದರಲ್ಲಿ ಪೆಟ್ರೋಲ್ ಎಂಜಿನ್, 15 ವರ್ಷಕ್ಕೆ ಬರೀ 380 ಗಂಟೆ ಓಡಿದ್ದು. ಇನ್ನೊಂದರಲ್ಲಿ ಡೀಸೆಲ್, 1,900 ಗಂಟೆ. ಪೆಟ್ರೋಲಿನದು ಬೆಲೆಯಲ್ಲೂ ಸಾಕಷ್ಟು ಅಗ್ಗ. ನನ್ನ ಹೆಂಡತಿಗೆ ಅದೇ ಇಷ್ಟವಾಗಿತ್ತು. ಗಂಟೆ ಕಮ್ಮಿ ಅಂದರೆ ಸವೆತವೂ ಕಮ್ಮಿ ಅಲ್ವಾ ಎಂದಳು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಉಪ್ಪು ನೀರಿನಲ್ಲಿ ಸುಮ್ನೆ ನಿಂತ ಎಂಜಿನ್ ಓಡಿದ ಎಂಜಿನ್‌ಗಿಂತ ಬೇಗ ಹಾಳಾಗುತ್ತದೆ. ಪೆಟ್ರೋಲ್ ಎಂಜಿನ್‌ನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ರೈಸರ್, ಅಂದರೆ ಹೊಗೆಯನ್ನು ಹೊರಗೊಯ್ಯುವ ಲೋಹದ ಕೊಳವೆಗಳು, ಒಳಗಿನಿಂದ ತುಕ್ಕು ಹಿಡಿಯುತ್ತಾ ಹೋಗುತ್ತವೆ. ಉಪ್ಪು ನೀರಿನ ಬೋಟಾದರೆ ಐದಾರು ವರ್ಷಕ್ಕೊಮ್ಮೆ ಅವನ್ನು ಬದಲಾಯಿಸಬೇಕು. ಆ ಬೋಟಿನಲ್ಲಿ ಬದಲಾಯಿಸಿದ ದಾಖಲೆ ಒಂದೂ ಇರಲಿಲ್ಲ. ಡೀಸೆಲ್ ಬೋಟಿನವರು ಮಾತ್ರ ಒಂದು ದಪ್ಪ ನೋಟುಪುಸ್ತಕ ಮುಂದಿಟ್ಟರು. ಪ್ರತಿ ಎಣ್ಣೆ ಬದಲಾವಣೆ, ಪ್ರತಿ ಫಿಲ್ಟರ್, ತಾರೀಖು ಮತ್ತು ಗಂಟೆ ಸಮೇತ.

ಆದರೂ ನನ್ನ ಮನಸ್ಸು ಗಟ್ಟಿ ಮಾಡಿದ್ದು ಪೆಟ್ರೋಲ್ ಆವಿ. ಅದು ಗಾಳಿಗಿಂತ ಭಾರ. ಸೋರಿದರೆ ಹೊರಗೆ ಹೋಗುವುದಿಲ್ಲ, ಬೋಟಿನ ತಳದಲ್ಲಿ, ಬಿಲ್ಜ್‌ನಲ್ಲಿ ಮಲಗಿಬಿಡುತ್ತದೆ. ಅದಕ್ಕೇ ಪೆಟ್ರೋಲ್ ಬೋಟಿನಲ್ಲಿ ಎಂಜಿನ್ ಶುರು ಮಾಡುವ ಮುಂಚೆ ಕನಿಷ್ಠ 4 ನಿಮಿಷ ಬ್ಲೋವರ್ (ಆವಿಯನ್ನು ಹೊರಗೆಳೆಯುವ ಫ್ಯಾನ್) ಓಡಿಸಿ, ಮೂಸಿ ನೋಡಬೇಕು. ಪೆಟ್ರೋಲ್ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲೇ ಕಿಡಿಗೆ ಹತ್ತುವಷ್ಟು ಆವಿ ಬಿಡುತ್ತದೆ. ಡೀಸೆಲ್‌ಗೆ 50 ಡಿಗ್ರಿಯಾದರೂ ದಾಟಬೇಕು. ಎಚ್ಚರದಿಂದ ಪೆಟ್ರೋಲ್ ಬೋಟು ನಡೆಸುವವರು ಬೇಕಾದಷ್ಟು ಜನ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಜೊತೆ ಆಗ 8 ವರ್ಷದ ಮಗಳು, 5 ವರ್ಷದ ಮಗ. ಒಂದು ದಿನ ಆ 4 ನಿಮಿಷ ಮರೆತರೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಪರೀಕ್ಷೆಗೆ ಹೋದ ದಿನ ನಾವು ಮಾಡಿದ ಒಳ್ಳೆಯ ಕೆಲಸ ಒಂದೇ. ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ಹೇಳಿದ್ದೆವು, ಹೋದ ತಕ್ಷಣ ಬ್ಲಾಕ್ ಮೇಲೆ ಕೈಯಿಟ್ಟು ನೋಡಿದೆವು. ಬಿಸಿ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ತಣ್ಣಗಿದ್ದದ್ದು ಶುರುವಾಗುವಾಗ ಹೊಗೆಯಲ್ಲೇ ಎಲ್ಲ ಹೇಳುತ್ತದೆ. ನೀಲಿ ಹೊಗೆ ಅಂದರೆ ಎಣ್ಣೆ ಸುಡುತ್ತಿದೆ. ಕಪ್ಪು ಅಂದರೆ ಗಾಳಿ ಸಾಲದು ಅಥವಾ ಹೊರೆ ಜಾಸ್ತಿ. ಬಿಳಿ ಹೊಗೆ ಒಂದೆರಡು ನಿಮಿಷದಲ್ಲಿ ನಿಂತರೆ ಪರವಾಗಿಲ್ಲ, ನಿಲ್ಲದಿದ್ದರೆ ಸುಡದ ಡೀಸೆಲ್ಲೋ ಎಲ್ಲೋ ನುಗ್ಗಿದ ನೀರೋ ಇರಬೇಕು. ಆಮೇಲೆ ಪೂರ್ತಿ ವೇಗಕ್ಕೆ ಎಳೆದು, ತಯಾರಕರು ಹೇಳಿದ ಆರ್‌ಪಿಎಂ ಮುಟ್ಟುತ್ತದೆಯೇ ನೋಡಿದೆವು. ಎರಡೂ ಎಂಜಿನ್ ಮುಟ್ಟಿದವು. ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೂ ಕಳಿಸಿದೆವು.

ಇಷ್ಟೆಲ್ಲ ಮಾಡಿದ ನಾವು ಜನರೇಟರ್‌ನ ಎಣ್ಣೆ ಕಳಿಸಲಿಲ್ಲ. ಅದರ ಮೇಲೆ ಹೊರೆ ಹಾಕಿ ಅರ್ಧ ಗಂಟೆ ಓಡಿಸಲಿಲ್ಲ. ಈಗಲೂ ನೆನೆದರೆ ಬೇಜಾರಾಗುತ್ತದೆ.

ಅದು 11 ಕಿಲೋವ್ಯಾಟ್ ಜನರೇಟರ್. ದೊಡ್ಡದು, ಒಳ್ಳೆಯದೇ ಅಲ್ವಾ ಎಂದುಕೊಂಡೆವು. ಎರಡು ಎಸಿ, ವಿದ್ಯುತ್ ಒಲೆ, ನೀರು ಕಾಯಿಸುವ ಹೀಟರ್, ಎಲ್ಲವನ್ನೂ ಒಟ್ಟಿಗೆ ಹಾಕುವವರಿಗೆಂದು ಲೆಕ್ಕ ಹಾಕಿ ಕೂರಿಸಿದ್ದು. ನಾವು ಹಾಗೆ ಬದುಕುವವರೇ ಅಲ್ಲ. ರಾತ್ರಿ ಲಂಗರು ಹಾಕಿದ ಮೇಲೆ ನಮಗೆ ಬೇಕಾದದ್ದು ಒಂದು ಎಸಿ, ಫ್ರಿಜ್, ನಾಲ್ಕು ದೀಪ. ಎಲ್ಲ ಸೇರಿ ಒಂದು ಕಿಲೋವ್ಯಾಟ್ ಚಿಲ್ಲರೆ. 11 ಕಿಲೋವ್ಯಾಟ್ ಯಂತ್ರ ಇಡೀ ರಾತ್ರಿ ಹತ್ತನೇ ಒಂದು ಭಾಗದ ಕೆಲಸಕ್ಕೆ ತಿರುಗುತ್ತಿತ್ತು.

ಡೀಸೆಲ್ ಎಂಜಿನ್‌ಗೆ ಇದು ವಿಷ. ಹೊರೆ ಇಲ್ಲದಿದ್ದರೆ ಸಿಲಿಂಡರ್ ಸರಿಯಾಗಿ ಕಾಯುವುದಿಲ್ಲ. ಡೀಸೆಲ್ ಪೂರ್ತಿ ಸುಡುವುದಿಲ್ಲ. ಉಳಿದದ್ದು ಮಸಿಯ ಜೊತೆ ಸೇರಿ ಅಂಟಂಟಾಗಿ ಎಕ್ಸಾಸ್ಟ್ ದಾರಿಯಲ್ಲಿ ಕೂರುತ್ತದೆ. ಎರಡನೇ ಬೇಸಿಗೆಯಲ್ಲಿ ಬೋಟಿನ ಪಕ್ಕದಲ್ಲಿ ಕಪ್ಪು ಪಟ್ಟೆ ಕಾಣತೊಡಗಿತು. ನಾನು ಅದನ್ನು ಒರೆಸುತ್ತಿದ್ದೆ, ಅದರ ಅರ್ಥ ಏನೆಂದು ಕೇಳಲಿಲ್ಲ. ಆಮೇಲೆ ಶುರುವಾಗಲು ತಡ ಮಾಡತೊಡಗಿತು. ಮೆಕ್ಯಾನಿಕ್ ಎಕ್ಸಾಸ್ಟ್‌ನ ಎಲ್ಬೋ (ಬಾಗಿದ ಕೊಳವೆ) ಬಿಚ್ಚಿ ತೋರಿಸಿದಾಗ ಒಳಗೆ ಬೆರಳು ತೂರುವಷ್ಟೂ ಜಾಗ ಇರಲಿಲ್ಲ.

ಸದ್ದಿನ ವಿಷಯ ಬೇರೆ. ಅದು 3,000 ಆರ್‌ಪಿಎಂ ಯಂತ್ರ. 50 ಹರ್ಟ್ಸ್ ಕರೆಂಟ್ ಬೇಕಾದರೆ ಎರಡು ಪೋಲ್ (ಅಯಸ್ಕಾಂತದ ಧ್ರುವ) ಇರುವ ಜನರೇಟರ್ 3,000ದಲ್ಲಿ ತಿರುಗಬೇಕು, ನಾಲ್ಕು ಪೋಲ್ ಇದ್ದರೆ 1,500 ಸಾಕು. ಈ ಒಂದು ಅಂಕಿಯನ್ನು ಮಾರುವವರ ಹಾಳೆಯಲ್ಲಿ ನೋಡಿದ್ದೆ, ದಾಟಿಕೊಂಡು ಹೋಗಿದ್ದೆ. ರಾತ್ರಿ ದಿಂಬಿಗೆ ತಲೆಯಿಟ್ಟಾಗ ಆ ಅಂಕಿಯೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಮಗ ಎದ್ದು ಬಂದು ನಮ್ಮ ನಡುವೆ ಮಲಗುತ್ತಿದ್ದ. ಪಕ್ಕದಲ್ಲಿ ಲಂಗರು ಹಾಕಿದವರು ಬೆಳಿಗ್ಗೆ ಜಾಗ ಬದಲಾಯಿಸಿದ್ದನ್ನೂ ನೋಡಿದ್ದೇನೆ.

ಮೂರನೇ ಬೇಸಿಗೆಯ ಒಂದು ರಾತ್ರಿ ಎರಡು ಗಂಟೆಗೆ ಅದು ನಿಂತೇಹೋಯಿತು. ಸೆಕೆಯಲ್ಲಿ ಎದ್ದು ಗುಂಡಿ ಒತ್ತಿದೆ. ಒತ್ತಿದೆ, ಮತ್ತೆ ಒತ್ತಿದೆ. ಏಳೆಂಟು ಸಲ. ಆಮೇಲೆ ಟಕ್ ಎಂದು ಸ್ಟಾರ್ಟರ್ ಹಿಡಿದುಕೊಂಡಿತು. ಆಗಿದ್ದು ಇಷ್ಟು: ಎಂಜಿನ್ ಬರೀ ಸುತ್ತುವಾಗಲೂ ಪಂಪು ಹೊರಗಿನ ನೀರನ್ನು ಎಳೆದು ಎಕ್ಸಾಸ್ಟ್‌ಗೆ ಕಳಿಸುತ್ತಲೇ ಇರುತ್ತದೆ. ಎಂಜಿನ್ ಹತ್ತಿಕೊಂಡರೆ ಹೊಗೆಯ ಒತ್ತಡ ಆ ನೀರನ್ನು ಹೊರಕ್ಕೆ ದೂಡುತ್ತದೆ. ಹತ್ತದಿದ್ದರೆ ನೀರು ಮಫ್ಲರ್‌ನಲ್ಲಿ ತುಂಬಿ, ಹಿಂದಕ್ಕೆ ಹರಿದು ಸಿಲಿಂಡರ್‌ಗೆ ಇಳಿಯುತ್ತದೆ. ಎರಡು ಸಲ ಶುರುವಾಗದಿದ್ದರೆ ಹೊರನೀರಿನ ಕವಾಟ ಮುಚ್ಚಬೇಕು, ಹತ್ತಿಕೊಂಡ ತಕ್ಷಣ ತೆರೆಯಬೇಕು. ದಯವಿಟ್ಟು ಇದೊಂದನ್ನು ಜನರೇಟರ್ ಮುಚ್ಚಳದ ಮೇಲೆ ಬರೆದು ಅಂಟಿಸಿ. ಮರುದಿನ ಮೆಕ್ಯಾನಿಕ್ ಇಂಜೆಕ್ಟರ್ ತೆಗೆದು ನೀರು ಉಗುಳಿಸಿದರು, ಮೂರು ಸಲ ಎಣ್ಣೆ ಬದಲಾಯಿಸಿದರು. ಹೇಗೋ ಆ ವರ್ಷ ದಾಟಿತು. ಅದರ ಮೇಲೆ ನನ್ನ ನಂಬಿಕೆ ಮಾತ್ರ ಹೊರಟುಹೋಗಿತ್ತು.

ಆ ಚಳಿಗಾಲದಲ್ಲಿ ಬೋಟು ಮಾರಿಬಿಡೋಣ ಎಂಬ ಮಾತು ನಿಜವಾಗಿ ಬಂತು. ತಡೆದದ್ದು ಎಂಜಿನ್‌ಗಳು. ಅವು ಒಂದು ದಿನವೂ ನಮ್ಮ ಕೈ ಬಿಟ್ಟಿರಲಿಲ್ಲ. ಈ ಬೋಟಿನಲ್ಲಿ ನಾನು ಎದುರು ನೋಡದೇ ಇದ್ದ ಸುಖ ಇನ್ನೊಂದಿತ್ತು, ನಿಧಾನ. ನೀರಿಗೆ ತಾಗುವ ಉದ್ದ 32 ಅಡಿ. ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸುಮಾರು 7.6 ನಾಟ್ (ಗಂಟೆಗೆ 14 ಕಿ.ಮೀ.) ಬರುತ್ತದೆ, ಬೋಟು ನೀರನ್ನು ಸೀಳಿಕೊಂಡು ಸಲೀಸಾಗಿ ಹೋಗುವ ವೇಗದ ಮಿತಿ ಅದು. ಅದರ ಒಳಗೆ, 7 ನಾಟ್‌ನಲ್ಲಿ ಹೋದರೆ ಎರಡೂ ಎಂಜಿನ್ ಸೇರಿ ಗಂಟೆಗೆ 10 ಲೀಟರ್ ಆಸುಪಾಸು ಕುಡಿಯುತ್ತವೆ. 17 ನಾಟ್‌ಗೆ ಏರಿಸಿದರೆ 70. ಮೈಲಿ ಲೆಕ್ಕದಲ್ಲಿ ಸುಮಾರು ಮೂರು ಪಟ್ಟು. ನಮ್ಮ ಜೇಬಿಗೆ 7 ನಾಟ್ ಹಿಡಿಸಿತು, ಆಮೇಲೆ ಮನಸ್ಸಿಗೂ ಹಿಡಿಸಿತು. ಮಕ್ಕಳು ಮುಂದಿನ ಡೆಕ್‌ನಲ್ಲಿ ಕೂತು ಓದುತ್ತಾರೆ, ಚೆಲ್ಲುವ ಭಯವಿಲ್ಲದೆ ಲೋಟ ಮೇಜಿನ ಮೇಲಿಡಬಹುದು. ದಿನದ ಕೊನೆಯ ಕಾಲು ಗಂಟೆ ಮಾತ್ರ ವೇಗ ಏರಿಸುತ್ತೇನೆ. ಮುಖ್ಯ ಎಂಜಿನ್‌ಗಳಿಗೂ ಆ ಮಸಿ ರೋಗ ಬರಬಾರದಲ್ಲ.

ಹೀಗಾಗಿ ಬೋಟು ಉಳಿಯಿತು, ಜನರೇಟರ್ ಹೋಯಿತು. ಕೊಂಡ ಬೆಲೆಯ ಹತ್ತನೇ ಒಂದು ಪಾಲು ಅದಕ್ಕೇ ಖರ್ಚಾಯಿತು, ನೋವಾಯಿತು. ಈಗಿರುವುದು 5 ಕಿಲೋವ್ಯಾಟ್, 1,500 ಆರ್‌ಪಿಎಂ. ಎಸಿ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆ ಒಂದು ಕ್ಷಣಕ್ಕೆಂದೇ ಜನ ದೊಡ್ಡ ಜನರೇಟರ್ ಕೊಳ್ಳುವುದು. ನಾವು ಅದರ ಬದಲು ಎಸಿಗೆ ಸಾಫ್ಟ್ ಸ್ಟಾರ್ಟರ್ (ಆ ಮೊದಲ ಸೆಳೆತವನ್ನು ಇಳಿಸುವ ಸಾಧನ) ಹಾಕಿಸಿದೆವು. ಜೊತೆಗೆ 12 ವೋಲ್ಟಿನ 400 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ, ಒಂದು ಇನ್ವರ್ಟರ್. ಸಂಜೆ ಎರಡೂವರೆ ಗಂಟೆ ಜನರೇಟರ್ ಓಡಿಸುತ್ತೇವೆ. ಚಾರ್ಜರ್ ಮತ್ತು ನೀರಿನ ಹೀಟರ್ ಸೇರಿ 3 ಕಿಲೋವ್ಯಾಟ್ ಎಳೆಯುತ್ತವೆ. ಅಂದರೆ 60 ಪರ್ಸೆಂಟ್ ಹೊರೆ, ಡೀಸೆಲ್ ಯಂತ್ರ ಖುಷಿಯಾಗಿರುವ ಜಾಗ. ಆಮೇಲೆ ಆರಿಸಿಬಿಡುತ್ತೇವೆ. ರಾತ್ರಿ ಎಸಿ ಬ್ಯಾಟರಿಯಲ್ಲೇ ಓಡುತ್ತದೆ.

ಆರಿಸಿದ ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೀರು ತಳಕ್ಕೆ ತಟ್ಟುವ ಸದ್ದು ಅಷ್ಟು ಹತ್ತಿರದಿಂದ ಕೇಳುತ್ತಿತ್ತು. ಮೂರು ವರ್ಷದಿಂದ ಆ ಸದ್ದಿನ ಮೇಲೇ ಮಲಗಿದ್ದೆ, ಕೇಳಿಯೇ ಇರಲಿಲ್ಲ.

ಒಂದು ಎಚ್ಚರಿಕೆ, ಇದನ್ನು ಹೇಳದೆ ಬಿಡಲಾರೆ. ಪೆಟ್ರೋಲ್ ಜನರೇಟರ್ ಇರುವ ಬೋಟು ನೋಡುತ್ತಿದ್ದರೆ ಅದರ ಹೊಗೆ ಎಲ್ಲಿ ಹೊರಬೀಳುತ್ತದೆ ಎಂದು ಬಗ್ಗಿ ನೋಡಿ. ಅಮೆರಿಕದ ಲೇಕ್ ಪೊವೆಲ್ ಜಲಾಶಯದಲ್ಲಿ ಹೌಸ್‌ಬೋಟ್‌ಗಳ ಹಿಂಬದಿ ಈಜುವಲ್ಲೇ ಜನರೇಟರ್ ಹೊಗೆ ಸೇರಿ, ಕಾರ್ಬನ್ ಮೊನಾಕ್ಸೈಡ್‌ನಿಂದ ಜನ ಸತ್ತದ್ದು 2000ರ ಸುಮಾರಿನ ತನಿಖೆಯಲ್ಲಿ ಹೊರಬಂತು. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಡೀಸೆಲ್‌ನಲ್ಲಿ ಅದು ಕಡಿಮೆ, ಆದರೂ ನಮ್ಮ ಎರಡೂ ಕ್ಯಾಬಿನ್‌ನಲ್ಲಿ ಅಲಾರಂ ಇದೆ. ಜನರೇಟರ್ ಓಡುವಾಗ ಮಕ್ಕಳು ಹಿಂದಿನ ಹಲಗೆಯ ಹತ್ತಿರ ನೀರಿಗಿಳಿಯುವಂತಿಲ್ಲ.

ಈಗ ಸಂಜೆ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ನಾನು ಎಣ್ಣೆ ನೋಡುತ್ತೇನೆ, ನೀರಿನ ಜರಡಿ ನೋಡುತ್ತೇನೆ, ಬೆಲ್ಟ್ ಕೆಳಗೆ ಕಪ್ಪು ಪುಡಿ ಬಿದ್ದಿದೆಯೇ ನೋಡುತ್ತೇನೆ. ಮಗಳು ಕಟಕಟೆ ಹಿಡಿದು ಪಕ್ಕಕ್ಕೆ ಬಗ್ಗುತ್ತಾಳೆ. ಗುಂಡಿ ಒತ್ತಿ ಎಣಿಸುತ್ತೇನೆ. ಹತ್ತು ಹನ್ನೆರಡು ಎಣಿಸುವಷ್ಟರಲ್ಲಿ "ನೀರು ಬಂತು ಅಪ್ಪಾ" ಎನ್ನುತ್ತಾಳೆ. ಎಕ್ಸಾಸ್ಟ್‌ನಲ್ಲಿ ನೀರು ಉಗುಳಿದರೆ ಒಳಗೆಲ್ಲ ತಂಪು. ಅವಳಿಗೀಗ 14. ಹೋದ ತಿಂಗಳು ಬಗ್ಗಲೂ ಇಲ್ಲ, ಕೂತಲ್ಲಿಂದಲೇ ಕೇಳಿಸಿಕೊಂಡು "ಅಪ್ಪಾ, ಸದ್ದು ಒಣಗಿದ ಹಾಗಿದೆ, ಆರಿಸು" ಎಂದಳು. ಆರಿಸಿ ಪಂಪು ಬಿಚ್ಚಿದೆವು. ಇಂಪೆಲ್ಲರ್‌ನ (ನೀರೆಳೆಯುವ ಚಕ್ರದ) ಎರಡು ರಬ್ಬರ್ ರೆಕ್ಕೆ ಮುರಿದಿದ್ದವು. ಹೊಸದು ಹಾಕುವುದು ಸುಲಭ. ಮುರಿದ ತುಂಡು ಒಳಗೆ ಉಳಿದರೆ ಎಂಜಿನ್ ತಣಿಸುವ ಹೀಟ್ ಎಕ್ಸ್‌ಚೇಂಜರ್ ಬಾಯಿ ಕಟ್ಟಿಕೊಳ್ಳುತ್ತದೆ, ಅದಕ್ಕೇ ಎರಡೂ ಸಿಗುವ ತನಕ ಹುಡುಕಬೇಕು. ಒಂದು ಪಂಪಿನಲ್ಲೇ ಸಿಕ್ಕಿತು. ಇನ್ನೊಂದಕ್ಕೆ ಕತ್ತಲಾಗುವವರೆಗೆ ಪೈಪು ಬಿಚ್ಚಿದೆವು. ಕೊನೆಗೆ ಚಿಮಟ ಹಿಡಿದು ಅದನ್ನು ಎಳೆದು ತೆಗೆದದ್ದೂ ಅವಳೇ.