ಏರಿನಲ್ಲಿ ಆಫ್ ಆಗುತ್ತಿದ್ದ ಹಳೇ ಕಾರು: ಬ್ಲೂಟೂತ್ ಓಬಿಡಿ ಅಡಾಪ್ಟರ್, ಮೂರು ವರ್ಷದ ಬಳಕೆಯ ನಂತರ

ಇಎಲ್‌ಎಂ327 ಅಂತ ಬರೆದಿರುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ ಇದು. ಕಾರಿನ ಓಬಿಡಿ ಸಾಕೆಟ್‌ಗೆ, ಅಂದರೆ ದೋಷ ಪತ್ತೆಗೆಂದು ಇರುವ ಸಾಕೆಟ್‌ಗೆ, ಚುಚ್ಚಿದರೆ ಎಂಜಿನ್ ಕಂಪ್ಯೂಟರಿನ ಮಾಹಿತಿಯನ್ನು ಬ್ಲೂಟೂತ್‌ನಲ್ಲಿ ಮೊಬೈಲಿಗೆ ಕಳಿಸುತ್ತದೆ. ₹700 ಕೊಟ್ಟಿದ್ದೆ. ಕೊಳ್ಳೋಕೆ ಕಾರಣ ನಮ್ಮ 2012ರ ಪೆಟ್ರೋಲ್ ಕಾರು. ಮಂಗಳೂರಿನಿಂದ ಹಾಸನಕ್ಕೆ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ಇದ್ದಕ್ಕಿದ್ದ ಹಾಗೆ ಆಫ್ ಆಗಿಬಿಡೋದು. ಬಾನೆಟ್ ಎತ್ತಿಟ್ಟು ಅರ್ಧ ಗಂಟೆ ಕಾದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು. ಬೆನ್ನಿಗೆ ಟ್ಯಾಂಕರ್‌ಗಳ ಸಾಲು. ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಆ ಭಯ ಯಾರಿಗೂ ಬೇಡ.

ಗ್ಯಾರೇಜಿನಲ್ಲಿ ಮಾತ್ರ ಅದು ಒಂದು ದಿನವೂ ಆಫ್ ಆಗಲಿಲ್ಲ. "ಸಾರ್, ನಮ್ಮ ಕೈಲಿ ಚೆನ್ನಾಗೇ ಓಡ್ತಿದೆಯಲ್ಲ" ಅಂತಿದ್ದರು. ಪ್ಲಗ್, ಫಿಲ್ಟರ್, ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಭಾಗ) ಕ್ಲೀನಿಂಗ್, ಕೊನೆಗೆ ಪೆಟ್ರೋಲ್ ಪಂಪ್ ಕೂಡ ಹೊಸದಾಯಿತು. ₹11,000 ಕೈಬಿಟ್ಟಿತು, ರೋಗ ಹಾಗೇ ಉಳಿಯಿತು. ಅವರನ್ನು ದೂರಲಾರೆ, ಕಣ್ಣೆದುರು ಕೆಡದ ಗಾಡಿಯಲ್ಲಿ ಏನಂತ ಹುಡುಕುತ್ತಾರೆ?

ಅಡಾಪ್ಟರ್ ಹಾಕಿ ಸ್ಕ್ಯಾನ್ ಮಾಡಿದೆ. ಏನು ಕೆಟ್ಟಿದೆ ಅಂತ ಹೇಳುವ ದೋಷದ ಕೋಡ್ ಒಂದೂ ಇಲ್ಲ. ಇಲ್ಲಿಗೇ ಬೇಸತ್ತು ಡಬ್ಬಿ ವಾಪಸ್ ಕಳಿಸುವವರು ಬಹಳ ಜನ, ದಯವಿಟ್ಟು ಹಾಗೆ ಮಾಡಬೇಡಿ. ಇದರ ನಿಜವಾದ ಬೆಲೆ ಇರುವುದು ಕೋಡ್ ಓದುವುದರಲ್ಲಲ್ಲ, ಗಾಡಿ ಓಡುವಾಗಿನ ಲೆಕ್ಕವನ್ನು ಮೊಬೈಲಿನಲ್ಲಿ ಬರೆದಿಡುವುದರಲ್ಲಿ. ಆರ್‌ಪಿಎಂ, ವೇಗ, ಕೂಲಂಟ್ ಬಿಸಿ, ವೋಲ್ಟೇಜ್, ಈ ನಾಲ್ಕನ್ನೇ ಆರಿಸಿಕೊಳ್ಳಿ. ಹದಿನೈದು ಆರಿಸಿದರೆ ಓದುವ ವೇಗ ಇಳಿದು, ಬೇಕಾದ ಗಳಿಗೆಯೇ ತಪ್ಪಿಹೋಗುತ್ತದೆ.

ಮುಂದಿನ ಸಲ ಘಾಟಿಯಲ್ಲಿ ಆಫ್ ಆದಾಗ ಗಾಡಿಯನ್ನು ಬದಿಗೆ ಹಾಕಿ, ಇಂಡಿಕೇಟರ್ ಹಾಕಿಟ್ಟು, ಮೊಬೈಲ್ ತೆಗೆದೆ. ಒಂದು ಸಾಲಿನಲ್ಲಿ ಆರ್‌ಪಿಎಂ 2,140, ವೇಗ 41. ಕೆಳಗಿನ ಸಾಲಿನಲ್ಲೇ ಆರ್‌ಪಿಎಂ ಸೊನ್ನೆ, ವೇಗ 40. ನಾನು ಕ್ಲಚ್ ಒತ್ತಿರಲಿಲ್ಲ, ಗಾಡಿ ಮೂರನೇ ಗೇರಿನಲ್ಲಿತ್ತು. ಗೇರಿನಲ್ಲಿದ್ದು ಚಕ್ರ ತಿರುಗುತ್ತಿದ್ದರೆ ಎಂಜಿನ್ನೂ ತಿರುಗಲೇಬೇಕು, ಸೊನ್ನೆ ಆಗಲು ಸಾಧ್ಯವೇ ಇಲ್ಲ. ಅಂದರೆ ಎಂಜಿನ್ ತಿರುಗುತ್ತಲೇ ಇದೆ, ತಿರುಗುತ್ತಿದೆ ಅಂತ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಹೇಳಬೇಕಾದ ಕ್ರ್ಯಾಂಕ್ ಸೆನ್ಸರ್ ಸುಮ್ಮನಾಗಿದೆ! ಎಂಜಿನ್ ನಿಂತಿದೆ ಅಂದುಕೊಂಡ ಇಸಿಯು ಸ್ಪಾರ್ಕು, ಪೆಟ್ರೋಲು ಎರಡನ್ನೂ ಕಡಿದುಬಿಟ್ಟಿದೆ. ಕೋಡ್ ಬೀಳದಿದ್ದುದಕ್ಕೂ ಇದೇ ಕಾರಣ ಇರಬೇಕು. ಲೆಕ್ಕ ಎಲ್ಲೂ ತುಂಡಾಗದೆ ಬರುತ್ತಿದ್ದುದರಿಂದ ಇಸಿಯುಗೆ ಕರೆಂಟ್ ಹೋಗಿಲ್ಲ, ಅದಕ್ಕೆ ಕರೆಂಟ್ ಕೊಡುವ ಮೇನ್ ರಿಲೇ ಸರಿ ಇದೆ ಅಂತಲೂ ಗೊತ್ತಾಯಿತು.

ಆದರೂ ಸೆನ್ಸರ್ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದೆ. ನನ್ನದು ಎರಡು ವೈರಿನದು, ಒಳಗೆ ತಾಮ್ರದ ಸುರುಳಿ. ಬೆಳಗ್ಗೆ ತಣ್ಣಗಿದ್ದಾಗ 880 ಓಮ್. ಚೆನ್ನಾಗಿ ಓಡಿಸಿ ಆಫ್ ಆದ ಕೂಡಲೇ ನೋಡಿದರೆ ಮೀಟರಿನಲ್ಲಿ ಓಪನ್. ಬಿಸಿಗೆ ಸುರುಳಿ ಹಿಗ್ಗಿ ಎಲ್ಲೋ ಬಿಟ್ಟುಕೊಳ್ಳುತ್ತಿತ್ತು, ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತಿತ್ತು. ಸೆನ್ಸರ್ ಬದಲಿಸಿ 18,000 ಕಿಲೋಮೀಟರ್ ಆಯಿತು, ಒಂದು ಸಲವೂ ಆಫ್ ಆಗಿಲ್ಲ. ನಿಮ್ಮದು ಮೂರು ವೈರಿನ, ಸುರುಳಿಯ ಬದಲು ಚಿಪ್ ಇರುವ ಹಾಲ್ ಸೆನ್ಸರ್ ಆಗಿದ್ದರೆ ಓಮ್ ಅಳೆಯಲು ಹೋಗಬೇಡಿ, ಅದಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ.

ಕೊರತೆಗಳೂ ಇವೆ. ಗಾಡಿ ನಿಲ್ಲಿಸಿದ ಮೇಲೂ ಇದಕ್ಕೆ ಬ್ಯಾಟರಿಯಿಂದ ಕರೆಂಟ್ ಹೋಗುತ್ತಲೇ ಇರುತ್ತದೆ. ಒಮ್ಮೆ ಹತ್ತು ದಿನ ತೆಗೆಯದೆ ಊರಿಗೆ ಹೋಗಿ ಬಂದರೆ ಬ್ಯಾಟರಿ ಡೌನ್. ಎಬಿಎಸ್ ಬ್ರೇಕ್, ಏರ್‌ಬ್ಯಾಗ್‌ಗಳ ಕೋಡನ್ನು ನನ್ನ ಕಾರಿನಲ್ಲಿ ಇದು ಓದುವುದಿಲ್ಲ. ನಮ್ಮಲ್ಲಿ ಓಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೇ ಗಾಡಿಗಳಲ್ಲಿ 16 ಪಿನ್ನಿನ ಸಾಕೆಟ್ ಇದ್ದರೂ ಕೆಲವು ಇದರ ಜೊತೆ ಮಾತಾಡುವುದಿಲ್ಲ. ನನ್ನದು ಮಾತಾಡಿತು. ಗೆಳೆಯರ ಅಡಾಪ್ಟರನ್ನು ನಿಮ್ಮ ಕಾರಿಗೆ ಒಮ್ಮೆ ಹಾಕಿ ನೋಡಿಯೇ ಕೊಳ್ಳಿ.

ಈಗ ಅಡಾಪ್ಟರ್ ಭಾವನ ಹತ್ತಿರ ಇದೆ. ಅವರ ಕಾರು ಆಫ್ ಆಗುವುದು ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ. ಆರ್‌ಪಿಎಂ 800ರಿಂದ 600, 400 ಅಂತ ತೂಕಡಿಸುತ್ತಾ ಇಳಿದು ಸಾಯುತ್ತದೆ, ಒಮ್ಮೆಲೇ ಸೊನ್ನೆಗೆ ಬೀಳುವುದಿಲ್ಲ. "ಹಾಗಾದರೆ ಸೆನ್ಸರ್ ಮುಟ್ಟಬೇಡಿ ಭಾವ, ಮೊದಲು ಥ್ರಾಟಲ್ ಬಾಡಿಯ ಕಾರ್ಬನ್ ನೋಡಿಸಿ" ಅಂದಿದ್ದೇನೆ. ಈ ಭಾನುವಾರ ಬಿಚ್ಚುತ್ತೇವೆ.